ಮನೆವಾರ್ತೆಯ ವಿದ್ಯೆ, ಸಂಬಳದ ಕೆಲಸ

ವಿಜಯನಗರದ ಅರಮನೆಯ ಒಳಗಣ ಖರ್ಚುವೆಚ್ಚದ ಲೆಕ್ಕ ಬರೆಯುತ್ತಿದ್ದವರು ಹೆಂಗಸರು. ಅಚ್ಯುತರಾಯನ ಕಾಲದಲ್ಲಿ, 1535ರ ಸುಮಾರಿಗೆ, ಈ ರಾಜಧಾನಿಯನ್ನು ಬಲ್ಲವನಾಗಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಇದನ್ನು ತನ್ನ ವೃತ್ತಾಂತದಲ್ಲಿ ಸ್ಪಷ್ಟವಾಗಿ ದಾಖಲಿಸಿದ್ದಾನೆ. ಒಳಗಿನ ಹೆಂಗಸರು ತಮ್ಮ ಪುಸ್ತಕಗಳನ್ನು ಹೊರಗಿನ ಕರಣಿಕರ ಪುಸ್ತಕಗಳೊಡನೆ ತಾಳೆ ನೋಡುತ್ತಿದ್ದರಂತೆ. ಅಡುಗೆಯವರು, ಜೋಯಿಸರು, ಕುಸ್ತಿಯವರು, ಕಾವಲಿನವರು ಎಂದು ಅರಮನೆಯೊಳಗೆ ಹೆಣ್ಣುಮಕ್ಕಳು ವಹಿಸಿಕೊಂಡಿದ್ದ ಕೆಲಸಗಳ ದೊಡ್ಡ ಪಟ್ಟಿಯನ್ನೇ ಆತ ಕೊಡುತ್ತಾನೆ. ಅವನು ಹೇಳುವ ಸಂಖ್ಯೆಗಳನ್ನು ಹಾಗೆಯೇ ನಂಬಬೇಕಾಗಿಲ್ಲ. ಆದರೆ ಅಂಥ ಹುದ್ದೆಗಳಿದ್ದವು ಎಂಬುದನ್ನು ಅನುಮಾನಿಸಲು ಕಾರಣವಿಲ್ಲ.

ಇದಕ್ಕೂ ಕಾಲು ಶತಮಾನ ಹಿಂದೆ, 1508ರ ಸುಮಾರಿಗೆ, ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಬರೆದಿದ್ದ. ಅಡುಗೆಯನ್ನು ಶಾಸ್ತ್ರವೆಂದು ಕರೆದು ಪದ್ಯದಲ್ಲಿ ವಿಧಿವತ್ತಾಗಿ ವಿವರಿಸಿದ ಕೃತಿಯದು. ಅಂದರೆ ಮನೆವಾರ್ತೆಗೆ ಬೇಕಾದ ತಿಳಿವಳಿಕೆಯನ್ನು ವಿದ್ಯೆಯೆಂದು ಕಾಣುವ ರೂಢಿಯೂ, ಅದಕ್ಕೆ ಹುದ್ದೆ ಕೊಡುವ ರೂಢಿಯೂ ಈ ನೆಲಕ್ಕೆ ಹೊಸದಲ್ಲ. ಅರಮನೆಗೆ ಮಾತ್ರ ಅದು ಅನ್ವಯಿಸುತ್ತಿತ್ತು ಎನ್ನುವುದು ಬೇರೆ ಮಾತು. ಸಾಮಾನ್ಯರ ಮನೆಯಲ್ಲಿ ಅದೇ ಕೆಲಸಕ್ಕೆ ಹುದ್ದೆಯೂ ಇರಲಿಲ್ಲ, ಸಂಬಳವೂ ಇರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ತಿಳಿವಳಿಕೆ ‘ಗೃಹ ವಿಜ್ಞಾನ’ ಎಂಬ ಹೆಸರಿನಿಂದ ಕಾಲೇಜಿಗೆ ಬಂತು. ಬಂದ ದಿನದಿಂದಲೂ ಅದಕ್ಕೊಂದು ಅಪವಾದ ಅಂಟಿಕೊಂಡಿದೆ. ಅಡುಗೆ, ಹೊಲಿಗೆ, ಮಗು ಆಡಿಸುವುದನ್ನು ಕಲಿಯಲು ಕಾಲೇಜೇಕೆ ಎಂದು ಗಂಡಸರು ನಕ್ಕರು. ಗಂಡು ಹುಡುಕುವವರೆಗೆ ಹುಡುಗಿ ಸುಮ್ಮನೆ ಕೂರದಿರಲಿ ಎಂದು ತಾಯ್ತಂದೆಯರು ಸೇರಿಸಿದರು. ಇದನ್ನು ಓದಿದವಳಿಗೆ ಕೆಲಸ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸುತ್ತ ಆ ಪ್ರಶ್ನೆಯನ್ನು ಹಿಡಿದು ಹೊರಟರೆ ಉತ್ತರ ಸಾಕಷ್ಟು ಕುತೂಹಲಕರವಾಗಿದೆ. ಕೆಲಸ ಇಲ್ಲಿ ಬೇಕಾದಷ್ಟಿದೆ. ಆದರೆ ಅದು ಬಹುಪಾಲು ಬೇರೆ ಬೇರೆ ಹೆಸರಿನ ಬೋರ್ಡುಗಳ ಹಿಂದೆ ಅಡಗಿದೆ.

ಈ ವಿಷಯದ ಹುಟ್ಟನ್ನು ನೋಡಿದರೆ ಅಪವಾದ ಎಷ್ಟು ಅನ್ಯಾಯದ್ದೆಂದು ತಿಳಿಯುತ್ತದೆ. ಅಮೆರಿಕದ ಎಲೆನ್ ರಿಚರ್ಡ್ಸ್ ರಸಾಯನಶಾಸ್ತ್ರ ಓದಿದವರು. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ 1873ರಲ್ಲಿ ಪದವಿ ಪಡೆದ ಅವರು ಅಲ್ಲಿ ಓದಿದ ಮೊದಲ ಮಹಿಳೆ. ಕುಡಿಯುವ ನೀರಿನ ಪರೀಕ್ಷೆ, ಆಹಾರದ ಕಲಬೆರಕೆ ಪತ್ತೆ ಅವರ ಕೆಲಸವಾಗಿತ್ತು. 1899ರಲ್ಲಿ ಲೇಕ್ ಪ್ಲಾಸಿಡ್ ಎಂಬಲ್ಲಿ ಅವರ ಮುಂದಾಳತನದಲ್ಲಿ ಆರಂಭವಾದ ಸಭೆಗಳಿಂದಲೇ ‘ಹೋಂ ಎಕನಾಮಿಕ್ಸ್’ ಒಂದು ವಿಷಯವಾಗಿ ರೂಪುಗೊಂಡಿತು. ಪ್ರಯೋಗಾಲಯದ ವಿಜ್ಞಾನ ಅಡುಗೆಮನೆಗೆ, ಬಚ್ಚಲಿಗೆ, ತೊಟ್ಟಿಲಿಗೆ ತಲುಪಬೇಕೆಂಬುದು ಅದರ ಆಶಯ.

ಭಾರತಕ್ಕೆ ಅದು ಬಂದ ದಾರಿಯಲ್ಲಿ ಕನ್ನಡನಾಡಿನ ಹೆಸರೊಂದು ಸಿಗುತ್ತದೆ. 1927ರಲ್ಲಿ ಪುಣೆಯಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಆರಂಭದ ಕಾರ್ಯಕರ್ತರಲ್ಲಿ ಪ್ರಮುಖರು ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯ. ಈ ಸಮ್ಮೇಳನದ ಪ್ರಯತ್ನದ ಫಲವಾಗಿಯೇ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಆರಂಭವಾಯಿತು. ಹೋರಾಟಗಾರ್ತಿಯರು ಕಟ್ಟಿದ ಕಾಲೇಜಿಗೆ ವೈಸರಾಯನ ಹೆಂಡತಿಯ ಹೆಸರು! 1940ರ ದಶಕದಲ್ಲಿ ಮದ್ರಾಸ್ ವಿಶ್ವವಿದ್ಯಾಲಯವೂ ಗೃಹ ವಿಜ್ಞಾನದ ಪದವಿ ತರಗತಿ ತೆರೆಯಿತು. ಆಗ ಹೊಸಪೇಟೆ, ಕಂಪ್ಲಿಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಸಂಡೂರು ಪ್ರತ್ಯೇಕ ಸಂಸ್ಥಾನವಾಗಿತ್ತು. ಅದು ಮದ್ರಾಸಿಗೆ ಸೇರಿದ್ದು 1949ರಲ್ಲಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು.

ಹೊಸ ವಿಷಯಕ್ಕೆ ಮೊದಲ ಸರ್ಕಾರಿ ಹುದ್ದೆಗಳು ತೆರೆದುಕೊಂಡದ್ದೂ ಇದೇ ಕಾಲದಲ್ಲಿ. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆ ಬ್ಲಾಕುಗಳಿಗೆ ಗ್ರಾಮಸೇವಿಕೆಯರನ್ನೂ ಅವರ ಮೇಲೆ ಮುಖ್ಯಸೇವಿಕೆಯರನ್ನೂ ನೇಮಿಸಿತು. ಹೊಗೆಯಿಲ್ಲದ ಒಲೆ, ಕೈತೋಟ, ಮಗುವಿನ ಮೇಲೂಟ, ಹೊಲಿಗೆ ತರಗತಿ, ಮಹಿಳಾ ಮಂಡಳದ ಭಜನೆ ಎಲ್ಲವೂ ಅವರ ಪಾಲಿಗಿದ್ದವು. ಹಳ್ಳಿಯ ಮನೆಯೊಳಗೆ ಸರ್ಕಾರ ಹೆಜ್ಜೆಯಿಟ್ಟದ್ದು ಈ ಹೆಣ್ಣುಮಕ್ಕಳ ಚಪ್ಪಲಿಯಲ್ಲಿ. ಇವರಿಗೆ ತರಬೇತಿ ಕೊಡಲು ವಿಸ್ತರಣಾ ಕೇಂದ್ರಗಳಲ್ಲಿ ಗೃಹ ವಿಜ್ಞಾನದ ವಿಭಾಗಗಳು ಬಂದವು. ತರಬೇತಿ ಕೊಡುವವರು ಬೇಕಾದಾಗ ಪದವೀಧರೆಯರಿಗೆ ಕೆಲಸ ಸಿಕ್ಕಿತು. ಉತ್ತರ ಕರ್ನಾಟಕದ ಮಟ್ಟಿಗೆ ದೊಡ್ಡ ಹೆಜ್ಜೆ ಎಂದರೆ 1974ರಲ್ಲಿ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ಧಾರವಾಡದಲ್ಲಿ ತೆರೆದ ಗ್ರಾಮೀಣ ಗೃಹ ವಿಜ್ಞಾನ ಮಹಾವಿದ್ಯಾಲಯ. ಹೆಸರಿನಲ್ಲಿರುವ ‘ಗ್ರಾಮೀಣ’ ಎಂಬ ಮಾತು ಅಲಂಕಾರಕ್ಕಲ್ಲ. ಕೊನೆಯ ವರ್ಷದ ವಿದ್ಯಾರ್ಥಿಗಳು ಕೆಲಕಾಲ ಹಳ್ಳಿಯಲ್ಲಿದ್ದು ಕೆಲಸ ಕಲಿಯಬೇಕೆಂಬ ಕಟ್ಟಳೆ ಅಲ್ಲಿದೆ. ಆಹಾರ ಮತ್ತು ಪೋಷಣೆ, ಜವಳಿ ಮತ್ತು ಉಡುಪು, ಮಾನವ ಅಭಿವೃದ್ಧಿ, ಕುಟುಂಬ ಸಂಪನ್ಮೂಲ ನಿರ್ವಹಣೆ, ವಿಸ್ತರಣೆ ಎಂಬ ಐದು ಕವಲುಗಳಲ್ಲಿ ಅಲ್ಲಿ ಪಾಠ ನಡೆಯುತ್ತದೆ. ಕೆಲಸದ ದಾರಿಗಳೂ ಬಹುತೇಕ ಈ ಐದರಿಂದಲೇ ಒಡೆಯುತ್ತವೆ.

ಇವುಗಳಲ್ಲಿ ಅತಿ ದೊಡ್ಡ ದಾರಿ ಅಂಗನವಾಡಿಯದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಇಪ್ಪತ್ತು ಇಪ್ಪತ್ತೈದು ಕೇಂದ್ರಗಳಿಗೊಬ್ಬ ಮೇಲ್ವಿಚಾರಕಿ, ಅವರ ಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಜಿಲ್ಲೆಗೊಬ್ಬ ಉಪನಿರ್ದೇಶಕರು. ಈ ಹುದ್ದೆಗಳು ಗೃಹ ವಿಜ್ಞಾನದವರಿಗಷ್ಟೇ ಮೀಸಲಲ್ಲ. ಸಮಾಜಕಾರ್ಯ, ಸಮಾಜಶಾಸ್ತ್ರ ಓದಿದವರೂ ಬರುತ್ತಾರೆ. ಹಾಗಿದ್ದೂ ಮೇಲ್ವಿಚಾರಕಿಯ ದಿನಚರಿಯನ್ನು ನೋಡಿದರೆ ಅದು ಗೃಹ ವಿಜ್ಞಾನದ ಪಠ್ಯಕ್ರಮದ ಹಾಗೆಯೇ ಕಾಣುತ್ತದೆ.

ಮಗುವನ್ನು ತೂಗಬೇಕು, ಎತ್ತರ ಅಳೆಯಬೇಕು, ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕೆಯಿಡಬೇಕು. ಮೇಲ್ದೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಆ ಮಗುವಿನದು ತೀವ್ರ ಅಪೌಷ್ಟಿಕತೆ. ತಡಮಾಡದೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಬೇಕು. ಟೇಪನ್ನು ಸ್ವಲ್ಪ ಸಡಿಲವಾಗಿ ಹಿಡಿದರೆ ಅದೇ ಮಗು ಕಾಗದದ ಮೇಲೆ ಗಟ್ಟಿಮುಟ್ಟಾಗಿಬಿಡುತ್ತದೆ. ಅಳೆಯುವವರ ಕೈಯನ್ನು ತಿದ್ದುವುದೇ ಮೇಲ್ವಿಚಾರಕಿಯ ನಿಜವಾದ ಕೆಲಸ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ.

ಊಟದ ಲೆಕ್ಕವೂ ಇದೆ. ಅಂಗನವಾಡಿಯ ಮಗುವಿಗೆ ದಿನಕ್ಕೆ 500 ಕ್ಯಾಲೊರಿ ಮತ್ತು 12ರಿಂದ 15 ಗ್ರಾಂ ಪ್ರೊಟೀನು ಕೊಡಬೇಕು, ಗರ್ಭಿಣಿಗೆ 600 ಕ್ಯಾಲೊರಿ ಮತ್ತು 18ರಿಂದ 20 ಗ್ರಾಂ ಪ್ರೊಟೀನು ಕೊಡಬೇಕು ಎಂದು 2009ರ ಪರಿಷ್ಕೃತ ಮಾನದಂಡ ಹೇಳಿತು. ಇದನ್ನು ಅನ್ನ, ಬೇಳೆ, ಶೇಂಗಾ, ಮೊಟ್ಟೆಗಳಿಗೆ ಭಾಷಾಂತರಿಸುವವರು ಬೇಕಲ್ಲ! 2017ರ ಅಕ್ಟೋಬರ್ 2ರಿಂದ ರಾಜ್ಯದಾದ್ಯಂತ ಬಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕೆಂದಾಯಿತು. ಯೋಜನೆ ಒಳ್ಳೆಯದೇ. ಆದರೆ ಭತ್ತದ ನಾಟಿಯ ಕಾಲದಲ್ಲಿ ಗದ್ದೆಗೆ ಹೋದ ಗರ್ಭಿಣಿ ಮಧ್ಯಾಹ್ನ ಊಟಕ್ಕೆಂದು ಎರಡು ಮೈಲಿ ನಡೆದು ಬರುವುದು ಹೇಗೆ? ಹಸಿ ಬಾಣಂತಿಯನ್ನು ಮನೆಯಿಂದ ಆಚೆ ಬಿಡುವ ಅತ್ತೆ ಎಲ್ಲಿದ್ದಾಳೆ? ಬೆಂಗಳೂರಿನಲ್ಲಿ ರೂಪಿಸಿದ ಊಟ ತಾಂಡಾದ ಹೊಟ್ಟೆಗೆ ಇಳಿಯಬೇಕಾದರೆ ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಬೇಕು. ವಿಸ್ತರಣೆ ಎಂಬ ಒಣ ಹೆಸರಿನ ಕವಲಿನಲ್ಲಿ ಕಲಿಸುವುದು ಇದನ್ನೇ.

ಶಾಲೆಯ ಊಟಕ್ಕೂ ಈ ಭಾಗಕ್ಕೂ ವಿಶೇಷ ನಂಟಿದೆ. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. 2021ರ ಡಿಸೆಂಬರ್‌ನಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡುವುದನ್ನು, ಬೇಡವೆಂದವರಿಗೆ ಬಾಳೆಹಣ್ಣು ಕೊಡುವುದನ್ನು, ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೇ ಮೊದಲು ಜಾರಿಗೆ ತರಲಾಯಿತು. ಅದರ ಸುತ್ತ ಎದ್ದ ಗದ್ದಲದಲ್ಲಿ ಮಠಾಧೀಶರು, ಸಂಘಟನೆಗಳು, ರಾಜಕಾರಣಿಗಳು ಮಾತನಾಡಿದ್ದು ಎಲ್ಲರಿಗೂ ನೆನಪಿದೆ. ಪೋಷಣೆಯನ್ನು ಓದಿದವರ ಧ್ವನಿ ಅಷ್ಟಾಗಿ ಕೇಳಿಸಲಿಲ್ಲ.

ಇಷ್ಟೆಲ್ಲ ನಿಂತಿರುವುದು ಅಂಗನವಾಡಿ ಕಾರ್ಯಕರ್ತೆಯ ಮೇಲೆ. ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಕಾಗದದಲ್ಲಿ ಆಕೆ ಸ್ವಯಂಸೇವಕಿ. ಮನೆವಾರ್ತೆಯ ವಿದ್ಯೆಗೆ ಬೆಲೆ ಕಟ್ಟುವಾಗ ಸಮಾಜಕ್ಕಿರುವ ಹಳೆಯ ಜಿಪುಣತನ ಇಲ್ಲಿ ಸರ್ಕಾರದ ರೂಪದಲ್ಲಿ ಕಾಣಿಸಿಕೊಂಡಿದೆ ಎಂದರೆ ತಪ್ಪಾಗಲಾರದು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರೂ ಸಹಾಯಕಿಯರೂ 1972ರ ಕಾಯ್ದೆಯಡಿ ಗ್ರಾಚ್ಯುಟಿಗೆ ಅರ್ಹರು ಎಂದು ತೀರ್ಪು ಕೊಟ್ಟಿತು. ಅದೇ ವರ್ಷ ಬಂದ ಕೇಂದ್ರದ ಪೋಷಣ್ 2.0 ಮಾರ್ಗಸೂಚಿಯಲ್ಲಿ ಇನ್ನೊಂದು ಅಂಶವಿದೆ. ಕಾರ್ಯಕರ್ತೆಯ ಕನಿಷ್ಠ ವಿದ್ಯಾರ್ಹತೆ ಪಿ.ಯು.ಸಿ. ಎಂದೂ, ಮೇಲ್ವಿಚಾರಕಿಯರ ಖಾಲಿ ಹುದ್ದೆಗಳಲ್ಲಿ ಅರ್ಧದಷ್ಟನ್ನು ಐದು ವರ್ಷ ಸೇವೆ ಮಾಡಿದ ಕಾರ್ಯಕರ್ತೆಯರಿಗೇ ಬಡ್ತಿಯ ಮೂಲಕ ಕೊಡಬೇಕೆಂದೂ ಅದು ಹೇಳುತ್ತದೆ. ಬೇರೆ ಪದವಿಗಳ ಜೊತೆ ಪೈಪೋಟಿಗೆ ಹೋಗಲಾಗದ ಹುಡುಗಿಗೆ ಇದೊಂದು ಮೆಟ್ಟಿಲು.

ಕಂಪ್ಲಿಗೆ ಬಂದರೆ ವಿಷಯ ಅಡುಗೆಮನೆಯಿಂದ ಕಾಲುವೆಗೆ ತಿರುಗುತ್ತದೆ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. ವಿಜಯನಗರದ ಅರಸರ ಕಾಲುವೆಗಳು ಹರಿಯುತ್ತಿದ್ದ ನದಿಯಂಚಿನಲ್ಲಿ ಭತ್ತ ಹಿಂದೆಯೂ ಇತ್ತು. ಹೊಸ ಕಾಲುವೆಗಳು ಅದನ್ನು ಬಯಲಿಗೆಲ್ಲ ಹಬ್ಬಿಸಿದವು. ಕಂಪ್ಲಿಯಿಂದ ಗಂಗಾವತಿಯವರೆಗೆ ಅಕ್ಕಿ ಗಿರಣಿಗಳೆದ್ದವು. ಹೊಲ ಬದಲಾದಂತೆ ತಟ್ಟೆಯೂ ಬದಲಾಯಿತು. ಜೋಳದ ರೊಟ್ಟಿಯ ಜಾಗಕ್ಕೆ ನಯವಾಗಿ ಪಾಲಿಷ್ ಮಾಡಿದ ಅಕ್ಕಿಯ ಅನ್ನ ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 1971ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕೋಷ್ಟಕಗಳ ಪ್ರಕಾರ 100 ಗ್ರಾಂ ಜೋಳದಲ್ಲಿ 10.4 ಗ್ರಾಂ ಪ್ರೊಟೀನು ಇದ್ದರೆ ಗಿರಣಿಯ ಅಕ್ಕಿಯಲ್ಲಿ 6.8 ಗ್ರಾಂ ಮಾತ್ರ. ಕಬ್ಬಿಣದ ಅಂಶದ ಅಂತರ ಇನ್ನೂ ಹೆಚ್ಚು. ನೀರಾವರಿಯಿಂದ ಹೊಟ್ಟೆ ತುಂಬಿತು, ನಿಜ. ಏನು ತುಂಬಿತು ಎಂಬುದನ್ನು ಕೇಳುವುದು ಪೋಷಣೆ ಓದಿದವರ ಕೆಲಸ.

ಇದರ ಮುಂದುವರಿಕೆಯೇ ಪಡಿತರದ ಸಾರವರ್ಧಿತ ಅಕ್ಕಿ. 2021ರ ಆಗಸ್ಟ್ 15ರಂದು ಪ್ರಧಾನಿ ಘೋಷಿಸಿದ ಮೇಲೆ ಹಂತಹಂತವಾಗಿ ಪಡಿತರ, ಅಂಗನವಾಡಿ, ಶಾಲೆಗಳ ಅಕ್ಕಿಯಲ್ಲೆಲ್ಲ ಇದು ಬಂತು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಸೇರಿಸಿ ಅಕ್ಕಿಕಾಳಿನ ಆಕಾರಕ್ಕೆ ಒತ್ತಿ, 100 ಕಿಲೋ ಅಕ್ಕಿಗೆ 1 ಕಿಲೋದಂತೆ ಬೆರೆಸುತ್ತಾರೆ. ಈ ಕಾಳು ನೋಡಲು ಸ್ವಲ್ಪ ಬೇರೆ. ತೊಳೆಯುವಾಗ ನೀರಿನಲ್ಲಿ ತೇಲುವುದೂ ಉಂಟು. ‘ಪ್ಲಾಸ್ಟಿಕ್ ಅಕ್ಕಿ ಕೊಡುತ್ತಿದ್ದಾರೆ’ ಎಂಬ ಸುದ್ದಿ ಹಬ್ಬಲು ಅಷ್ಟು ಸಾಕಾಯಿತು. ಎಷ್ಟೋ ಮನೆಗಳಲ್ಲಿ ಆ ಕಾಳನ್ನೇ ಆರಿಸಿ ಬಿಸಾಡಿದರು. ಕಾಳು ತಯಾರಿಸಲು ಯಂತ್ರವಿದೆ, ಬೆರೆಸಲು ಗಿರಣಿಯಿದೆ, ಸಾಗಿಸಲು ಲಾರಿಯಿದೆ. ಅಕ್ಕಿ ಕೇರುತ್ತಿರುವ ತಾಯಿಯ ಪಕ್ಕ ಕೂತು ಇದೇನೆಂದು ಹೇಳುವವರು ಮಾತ್ರ ಸಾಲದಾದರು.

ಆ ಕೆಲಸಕ್ಕೆಂದೇ ಇರುವ ಒಂದು ಹುದ್ದೆ ಕೃಷಿ ವಿಜ್ಞಾನ ಕೇಂದ್ರದ್ದು. ದೇಶದ ಮೊದಲ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಬಂತು. ಬಳ್ಳಾರಿ ಜಿಲ್ಲೆಯದು ಹಗರಿಯಲ್ಲಿ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಅಧೀನದಲ್ಲಿದೆ. ಇಂಥ ಕೇಂದ್ರಗಳಿಗೆ ಮಂಜೂರಾಗುವ ವಿಷಯತಜ್ಞರ ಹುದ್ದೆಗಳಲ್ಲಿ ಗೃಹ ವಿಜ್ಞಾನವೂ ಒಂದು. ಸ್ನಾತಕೋತ್ತರ ಪದವಿ ಬೇಕು. ಕೆಲಸ ಸ್ವಾರಸ್ಯಕರವಾದದ್ದು. ಸಿರಿಧಾನ್ಯದ ತಿನಿಸು, ಕೈತೋಟ, ಉಪ್ಪಿನಕಾಯಿ ಉದ್ಯಮ ಇವೆಲ್ಲ ಎಲ್ಲರಿಗೂ ಗೊತ್ತಿರುವವು. ಹೆಚ್ಚು ಗಮನಾರ್ಹವಾದದ್ದು ಹೊಲದಲ್ಲಿ ದುಡಿಯುವ ಹೆಂಗಸರ ಮೈಭಾರ ಇಳಿಸುವ ಸಂಶೋಧನೆ. 1980ರ ದಶಕದಿಂದ ನಡೆದುಬಂದ ಅಖಿಲ ಭಾರತ ಸಂಯೋಜಿತ ಯೋಜನೆಯೊಂದರಲ್ಲಿ ಧಾರವಾಡದ ಕಾಲೇಜೂ ಪಾಲುಗೊಂಡಿದೆ. ನಾಟಿ ಮಾಡುವ ಹೆಂಗಸು ಮಂಡಿಯವರೆಗಿನ ಕೆಸರಿನಲ್ಲಿ ಬಾಗಿ, ಹಿಂದೆ ಹಿಂದೆ ಸರಿಯುತ್ತ ದಿನವಿಡೀ ಇರುತ್ತಾಳೆ. ಅವಳ ಎದೆಬಡಿತ ಎಷ್ಟು, ಎಷ್ಟು ಶಕ್ತಿ ಖರ್ಚಾಗುತ್ತದೆ, ನೋವು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅಳೆದು ನೋಡುವುದೂ ಗೃಹ ವಿಜ್ಞಾನವೇ. ಹಲ್ಲಿನ ಕುಡುಗೋಲು, ಬೆಂಡೆಕಾಯಿ ಕೊಯ್ಯುವ ಬೆರಳುಂಗುರದಂಥ ಚಿಕ್ಕಪುಟ್ಟ ಸಾಧನಗಳನ್ನು ಇಂಥ ಅಳತೆಗಳಿಂದಲೇ ಒರೆಗೆ ಹಚ್ಚಿ ನೋಡಿದ್ದಾರೆ. ಟ್ರ್ಯಾಕ್ಟರಿಗೆ ಸಿಗುವ ಸಾಲ, ಸಹಾಯಧನ, ಜಾಹೀರಾತು ಇವಕ್ಕೆ ಸಿಗುವುದಿಲ್ಲ.

ಸಂಡೂರಿನ ಕಥೆ ಜವಳಿಯದು. ಗಣಿಯ ಕೆಂಪು ಧೂಳಿಗೆ ಹೆಸರಾದ ಈ ತಾಲ್ಲೂಕಿನ ತಾಂಡಾಗಳಲ್ಲಿ ಲಂಬಾಣಿ ಹೆಂಗಸರು ತಮ್ಮ ಪೇಟಿಯಾ, ಕಾಂಚಳಿ, ಮುಸುಕುಗಳಿಗೆ ಹಾಕುತ್ತಿದ್ದ ಕಸೂತಿಯನ್ನು ಮಾರುಕಟ್ಟೆಗೆ ತರುವ ಉದ್ದೇಶದಿಂದ 1980ರ ದಶಕದಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಹುಟ್ಟಿಕೊಂಡಿತು. ಕನ್ನಡಿಚೂರು, ಕವಡೆ, ನಾಣ್ಯ, ಬಣ್ಣದ ಬಟ್ಟೆಯ ತೇಪೆ, ಅದರ ಮೇಲೆ ನಾನಾ ಬಗೆಯ ಹೊಲಿಗೆ. 2010ರಲ್ಲಿ ‘ಸಂಡೂರು ಲಂಬಾಣಿ ಕಸೂತಿ’ಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.

ಇಲ್ಲಿ ಜವಳಿ ಓದಿದವಳಿಗೆ ಏನು ಕೆಲಸ? ಸೂಜಿ ಹಿಡಿಯಲು ತಾಂಡಾದವರಿಗೆ ಕಲಿಸಬೇಕಾಗಿಲ್ಲ. ಅವಳೇ ಅವರಿಂದ ಕಲಿಯಬೇಕು. ಆದರೆ ಬೆಂಗಳೂರಿನಲ್ಲೋ ಪರದೇಶದಲ್ಲೋ ಕೊಳ್ಳುವವರು ಒಂದೇ ತೊಳೆತಕ್ಕೆ ಬಣ್ಣ ಬಿಡುವ ಕುಪ್ಪಸವನ್ನು ಎರಡನೆಯ ಸಲ ಕೊಳ್ಳುವುದಿಲ್ಲ. ಬಣ್ಣ ನಿಲ್ಲುತ್ತದೆಯೇ ಎಂದು ಪರೀಕ್ಷಿಸುವುದು, ಬಟ್ಟೆ ಎಷ್ಟು ಕುಗ್ಗುತ್ತದೆ ಎಂದು ನೋಡುವುದು, ಅಳತೆಗಳನ್ನು ಒಂದೇ ಮಟ್ಟಕ್ಕೆ ತರುವುದು, ಒಂದು ದಿಂಬಿನ ಚೀಲಕ್ಕೆ ಎಷ್ಟು ಗಂಟೆಯ ಹೊಲಿಗೆ ಬೀಳುತ್ತದೆಂದು ಲೆಕ್ಕ ಹಾಕಿ ಕೂಲಿ ನಿಗದಿ ಮಾಡುವುದು, ಯಂತ್ರದ ನಕಲಿಗೂ ಕೈಯ ಅಸಲಿಗೂ ವ್ಯತ್ಯಾಸ ಗುರುತಿಸುವುದು ಇವೆಲ್ಲಕ್ಕೆ ಓದು ಬೇಕು. ಇವುಗಳಲ್ಲಿ ಕೂಲಿಯ ಲೆಕ್ಕವೇ ಮುಖ್ಯ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಗಣಿಯ ಕೂಲಿ ನಿಂತಿತು. ಕಬ್ಬು ಕಡಿಯಲು ಗುಳೆ ಹೋಗುವುದು ಹೇಗೂ ಇತ್ತು. ಮನೆಯ ಜಗಲಿಯಲ್ಲಿ ಕೂತು ಮಾಡುವ ಕಸೂತಿ ಗುಳೆ ತಪ್ಪಿಸುವಷ್ಟು ದುಡ್ಡು ತಂದರೆ ಮಾತ್ರ ಮಗು ಶಾಲೆಯಲ್ಲಿ ಉಳಿಯುತ್ತದೆ.

ಕಮಲಾದೇವಿ ಚಟ್ಟೋಪಾಧ್ಯಾಯರ ಬದುಕಿನಲ್ಲಿ ಗೃಹ ವಿಜ್ಞಾನದ ಕಾಲೇಜೂ ಕರಕುಶಲದ ಪುನರುಜ್ಜೀವನವೂ ಒಂದಕ್ಕೊಂದು ಹತ್ತಿರದಲ್ಲೇ ಇದ್ದವು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ರಚನೆಯಾದಾಗ ಅದರ ಅಧ್ಯಕ್ಷತೆಯನ್ನು ವಹಿಸಿದವರು ಅವರೇ. ಕಾಲೇಜುಗಳು ಈ ಹತ್ತಿರವನ್ನು ಮುಂದೆ ಅಷ್ಟಾಗಿ ಉಳಿಸಿಕೊಳ್ಳಲಿಲ್ಲ. ಜವಳಿ ವಿಭಾಗಗಳು ‘ಫ್ಯಾಷನ್’ ಎಂಬ ಹೆಸರಿನತ್ತ ವಾಲಿದವು.

ಹಂಪಿ ಮತ್ತು ಹೊಸಪೇಟೆಯ ಅವಕಾಶಗಳು ಪ್ರವಾಸಿಗಳಿಂದ ಬಂದವು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಹೋಟೆಲುಗಳು ಹೊಸಪೇಟೆಯಲ್ಲಿ, ಕಮಲಾಪುರದಲ್ಲಿ ಹೆಚ್ಚಿದವು. ನದಿಯಾಚೆ ವಿರೂಪಾಪುರ ಗಡ್ಡೆಯಲ್ಲಿದ್ದ ಅತಿಥಿಗೃಹಗಳು 2020ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ನೆಲಸಮವಾದವು. ನೂರು ಜನರ ಅಡುಗೆಗೆ ಸಾಮಾನು ಎಷ್ಟು, ವ್ಯರ್ಥವಾಗದಂತೆ ಹೇಗೆ, ನೀರು ಶುದ್ಧವೇ, ಕೋಣೆಗಳ ನಿರ್ವಹಣೆ ಯಾರದು ಎಂಬುದೆಲ್ಲ ಗೃಹ ವಿಜ್ಞಾನದಲ್ಲಿ ಪಾಠವಾಗಿ ಬರುತ್ತದೆ. ಆದರೂ ಈ ಕೆಲಸಗಳನ್ನು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗರು ಹಿಡಿಯುವುದೇ ಹೆಚ್ಚು. ಹೆಣ್ಣುಮಕ್ಕಳನ್ನು ಹೋಟೆಲಿನ ಪಾಳಿಗೆ ಕಳಿಸಲು ಮನೆಯವರು ಹಿಂಜರಿಯುವುದು ಇದಕ್ಕೆ ಒಂದು ಕಾರಣ. ಸಂಡೂರು ತಾಲ್ಲೂಕಿನದೇ ಆದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆ ಸಾವಿರಾರು ಜನ ದುಡಿಯುತ್ತಾರೆ. ಅಷ್ಟು ಜನರ ಕ್ಯಾಂಟೀನ್ ನಡೆಸುವುದೂ ಇದೇ ವಿದ್ಯೆಗೆ ಸೇರಿದ್ದು. ನದಿಯಾಚೆ ಆನೆಗೊಂದಿಯಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನ ಕರಕುಶಲದಲ್ಲಿ ಸ್ಥಳೀಯ ಹೆಂಗಸರಿಗೆ ಕೆಲಸ ಕೊಟ್ಟಿದೆ. ಗೊನೆ ಕಡಿದ ಮೇಲೆ ಕೊಳೆಯಲು ಬಿಡುತ್ತಿದ್ದ ದಿಂಡಿನಿಂದ ಬುಟ್ಟಿ, ಚೀಲ, ಚಾಪೆ ಆಗುತ್ತವೆ. ಅಂದಹಾಗೆ, ಭೌಗೋಳಿಕ ಸೂಚಕ ಪಡೆದ ‘ಕಮಲಾಪುರ ಕೆಂಪು ಬಾಳೆ’ ಕಲಬುರಗಿ ಜಿಲ್ಲೆಯ ಕಮಲಾಪುರದ್ದು. ಹಂಪಿಯ ಕಮಲಾಪುರದ್ದೆಂದು ಹೇಳಿ ಪ್ರವಾಸಿಗಳಿಗೆ ಮಾರುವವರಿದ್ದರೆ ನಂಬಬಾರದು.

ಆಸ್ಪತ್ರೆಯ ಆಹಾರತಜ್ಞೆಯ ಕೆಲಸಕ್ಕೆ ಈಗ ಹೆಚ್ಚಿನ ಮರ್ಯಾದೆ. ಸಕ್ಕರೆ ಕಾಯಿಲೆ ಹಳ್ಳಿಗೂ ಬಂದ ಮೇಲೆ ಅನ್ನದ ಬದಲು ಏನು ತಿನ್ನಬೇಕು ಎಂದು ಕೇಳುವವರು ಹೆಚ್ಚಿದ್ದಾರೆ. ಆದರೆ ಯಾವ ಓದೂ ಇಲ್ಲದೆ ‘ಡಯಟೀಷಿಯನ್’ ಎಂದು ಬೋರ್ಡು ಹಾಕಿಕೊಳ್ಳುವವರೂ ಕಡಿಮೆಯಿಲ್ಲ. 1963ರಲ್ಲಿ ಸ್ಥಾಪನೆಯಾದ ಭಾರತೀಯ ಆಹಾರತಜ್ಞರ ಸಂಘ ನೋಂದಾಯಿತ ಆಹಾರತಜ್ಞರಿಗಾಗಿ ಪರೀಕ್ಷೆ ನಡೆಸುತ್ತದೆ. ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯ ಜೊತೆ ಆಸ್ಪತ್ರೆಯಲ್ಲಿ ತರಬೇತಿಯೂ ಆಗಿರಬೇಕು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಪೋಷಣಾ ವಿಜ್ಞಾನವನ್ನೂ ತನ್ನ ವ್ಯಾಪ್ತಿಗೆ ತಂದಿತು. 2021ರಲ್ಲೇ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಜಿಲ್ಲಾ ಕಚೇರಿಗಳ ಜೊತೆಗೆ ಬರುವ ಹುದ್ದೆಗಳಿಗೆ ಇನ್ನು ಬಳ್ಳಾರಿಯತ್ತ ನೋಡಬೇಕಾಗಿಲ್ಲ.

ಓದು ಸಿಗುವುದೇ ಇಲ್ಲಿನ ನಿಜವಾದ ತೊಡಕು. ಕೃಷಿ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಪದವಿಗೆ ಈ ಭಾಗದವರು ಹುಬ್ಬಳ್ಳಿಯ ರೈಲು ಹತ್ತಿ ಧಾರವಾಡಕ್ಕೇ ಹೋಗಬೇಕು. 2017ರ ಸುಮಾರಿಗೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಡೀನ್‌ಗಳ ಐದನೆಯ ಸಮಿತಿಯ ಶಿಫಾರಸಿನಂತೆ ದೇಶದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ‘ಗೃಹ ವಿಜ್ಞಾನ’ ಹೋಗಿ ‘ಸಮುದಾಯ ವಿಜ್ಞಾನ’ ಬಂತು. ಗೃಹವೆಂದರೆ ಹೆಂಗಸು, ಹೆಂಗಸೆಂದರೆ ಅಡುಗೆ ಎಂಬ ಅಪವಾದ ಕಳೆಯಲು ಹೆಸರು ಬದಲಿಸಿದ್ದು ಅರ್ಥವಾಗುವಂಥದ್ದೇ. ಆದರೆ ಇದರಿಂದ ಹಳ್ಳಿಯ ತಾಯ್ತಂದೆಗಳಿಗೆ ಗೊಂದಲವೂ ಆಗಿದೆ. ಸಿ.ಇ.ಟಿ. ಪಟ್ಟಿಯಲ್ಲಿ ಗೃಹ ವಿಜ್ಞಾನ ಹುಡುಕಿದರೆ ಕಾಣುವುದಿಲ್ಲ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಇದೇ ವಿದ್ಯೆ ಆಹಾರ ಸಂಸ್ಕರಣೆ ಮತ್ತು ಪೋಷಣೆ ಎಂಬ ಹೆಸರಿನಲ್ಲಿದೆ. ಹೆಸರು ಗೊತ್ತಿಲ್ಲದವಳಿಗೆ ದಾರಿಯೂ ಗೊತ್ತಾಗುವುದಿಲ್ಲ.

ಅದಕ್ಕಿಂತ ದೊಡ್ಡ ಎಡವಟ್ಟು ಪಿ.ಯು. ಹಂತದಲ್ಲಿ ಆಗುತ್ತದೆ. ರಾಜ್ಯದ ಪಿ.ಯು. ಪಠ್ಯಕ್ರಮದಲ್ಲಿ ಗೃಹ ವಿಜ್ಞಾನ ಒಂದು ಐಚ್ಛಿಕ ವಿಷಯ. ಕಲಾ ವಿಭಾಗದ ವಿಷಯಗಳೊಡನೆ ಅದನ್ನು ತೆಗೆದುಕೊಂಡ ಹುಡುಗಿ, ಮುಂದೆ ಅದರಲ್ಲೇ ಪದವಿ ಮಾಡಬಹುದೆಂದುಕೊಳ್ಳುತ್ತಾಳೆ. ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನಕ್ಕೆ ಬೇಕಾದದ್ದು ವಿಜ್ಞಾನ ವಿಭಾಗದ ಪಿ.ಯು.ಸಿ. ಮತ್ತು ಸಿ.ಇ.ಟಿ. ರ‍್ಯಾಂಕ್. ಇದು ತಿಳಿಯುವ ಹೊತ್ತಿಗೆ ಎರಡು ವರ್ಷ ಕಳೆದಿರುತ್ತದೆ. ಆದ್ದರಿಂದ ಎಸ್.ಎಸ್.ಎಲ್.ಸಿ. ಮುಗಿದ ಕೂಡಲೇ ವಿಚಾರಿಸುವುದು ಒಳಿತು. ಕೃಷಿಕರ ಮಕ್ಕಳಿಗೆ ಈ ಸೀಟುಗಳಲ್ಲಿ ಪ್ರತ್ಯೇಕ ಮೀಸಲು ಇದೆ. ಜೊತೆಗೆ ಸಂವಿಧಾನದ 371 (ಜೆ) ವಿಧಿಯಡಿ 2013ರಲ್ಲಿ ಬಂದ ಆದೇಶಗಳ ಪ್ರಕಾರ ಬಳ್ಳಾರಿ, ವಿಜಯನಗರ ಸೇರಿದಂತೆ ಕಲ್ಯಾಣ ಕರ್ನಾಟಕದವರಿಗೆ ಈ ಪ್ರದೇಶದ ಹೊರಗಿನ ಸಂಸ್ಥೆಗಳಲ್ಲೂ ಶೇ 8ರಷ್ಟು ಸೀಟುಗಳಿವೆ. ಪ್ರದೇಶದೊಳಗಿನ ‘ಸಿ’ ವರ್ಗದ ಸರ್ಕಾರಿ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯರಿಗೇ. ಧಾರವಾಡದಲ್ಲಿ ಓದಿ ಹೊಸಪೇಟೆಗೆ ಮರಳಿ ಬರುವವಳಿಗೆ ಹೋಗುವಾಗ ಒಂದು, ಬರುವಾಗ ಒಂದು ಎಂದು ಎರಡು ಸಲ ಇದು ನೆರವಾಗುತ್ತದೆ. ಇದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಅರ್ಜಿಯ ಜೊತೆ ಶಾಲಾ ದಾಖಲೆ, ವಾಸದ ದಾಖಲೆಗಳೆಲ್ಲ ಬೇಕಾಗುವುದರಿಂದ ಸಿ.ಇ.ಟಿ. ಅರ್ಜಿ ಕರೆಯುವವರೆಗೆ ಕಾಯದೆ, ಕಂದಾಯ ಕಚೇರಿಯಲ್ಲಿ ಜನಸಂದಣಿ ಇಲ್ಲದ ದಿನಗಳಲ್ಲೇ ಮಾಡಿಸಿಟ್ಟುಕೊಳ್ಳಬಹುದು.